ಎಣ್ಣೆ ಹೋಗುವ ದಾರಿ: ಸಣ್ಣ ಟ್ರ್ಯಾಕ್ಟರಿನ ಲೋಡರಿಗೆ ಗ್ರಾಪಲ್ ಜೋಡಿಸಿದ್ದು

ನಮಸ್ಕಾರ. ಈಗ ನೀವು ನೋಡುತ್ತಿರುವ ಇಳಿಜಾರು, ನಾರ್ತ್ ಕೆರೊಲೈನಾ ರಾಜ್ಯದ ಪಶ್ಚಿಮದ ಬೆಟ್ಟಗಳಲ್ಲಿರುವ ನಮ್ಮ ಆರು ಎಕರೆ ಜಮೀನಿನ ಮೇಲ್ಮಗ್ಗುಲು. 2024ರ ಸೆಪ್ಟೆಂಬರ್ 27ರ ಬೆಳಿಗ್ಗೆ ಹೆಲೀನ್ ಚಂಡಮಾರುತ ಈ ಕಡೆ ಹಾದುಹೋಯಿತು. ಅದಕ್ಕೂ ಮೊದಲೇ ಸುರಿದಿದ್ದ ಮಳೆಗೆ ನೆಲ ನೆನೆದು ಮೆತ್ತಗಾಗಿದ್ದುದರಿಂದ, ಇಲ್ಲಿನ ಓಕ್ ಮತ್ತು ಟ್ಯೂಲಿಪ್ ಪೋಪ್ಲರ್ ಮರಗಳು ನಡುವೆ ಮುರಿಯುವ ಬದಲು ಬುಡಸಮೇತ ಮಗುಚಿ ಬಿದ್ದವು. ದಾರಿಗೆ ಅಡ್ಡವಾಗಿದ್ದವುಗಳನ್ನು ನೆರೆಹೊರೆಯವರೆಲ್ಲ ಸೇರಿ ಕೊಯ್ದು ಪಕ್ಕಕ್ಕೆ ಸರಿಸಿದೆವು. ಉಳಿದ ದಿಮ್ಮಿಗಳು ಮತ್ತು ರೆಂಬೆಗಳ ರಾಶಿ ಮಾತ್ರ ಒಂದು ವರ್ಷ ಕಳೆದರೂ ಬಿದ್ದಲ್ಲೇ ಬಿದ್ದಿದ್ದವು.

ನಮ್ಮಲ್ಲಿರುವುದು 33 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರು. ಮುಂದುಗಡೆ ಭಾರ ಎತ್ತುವ ತೋಳುಗಳ ಲೋಡರ್ ಇದೆ, ಅದಕ್ಕೊಂದು ಬಕೆಟ್ ಇದೆ. ಇಷ್ಟು ದಿನ ಬಕೆಟ್ಟಿನ ಮೇಲಂಚಿಗೆ ಬೆಸುಗೆ ಹಾಕಿಸಿದ ಕೊಕ್ಕೆಗೆ ಸರಪಳಿ ಸಿಕ್ಕಿಸಿ, ದಿಮ್ಮಿಗೆ ಸುತ್ತಿ, ಮತ್ತೆ ಹತ್ತಿ ಕುಳಿತು ಎತ್ತಿ, ಒಯ್ದು, ಇಳಿದು ಸರಪಳಿ ಬಿಚ್ಚುತ್ತಿದ್ದೆ. ಒಂದು ದಿಮ್ಮಿಗೆ ಎರಡು ಬಾರಿ ಹತ್ತಿಳಿಯಬೇಕು; ಇಳಿಜಾರಿನಲ್ಲಿ ಪ್ರತಿ ಬಾರಿಯೂ ಇಂಜಿನ್ ನಿಲ್ಲಿಸಿ ಬ್ರೇಕ್ ಹಾಕಿಯೇ ಇಳಿಯಬೇಕು. ಸರಪಳಿಗೆ ತೂಗುಹಾಕಿದ ದಿಮ್ಮಿ ಓಲಾಡುವಾಗ ಟ್ರ್ಯಾಕ್ಟರು ಸಹ ಅದರೊಡನೆ ಓಲಾಡುವುದನ್ನು ಅನುಭವಿಸಿದ ಮೇಲೆ, ಈ ಪದ್ಧತಿಯನ್ನು ಬಿಡಲೇಬೇಕೆಂದು ನಿರ್ಧರಿಸಿದೆ.

ಗ್ರಾಪಲ್ ಎಂದರೆ ಲೋಡರಿನ ತುದಿಗೆ ಕೂರಿಸುವ ದೊಡ್ಡ ಇಕ್ಕಳ. ಕೆಳಗೆ ಬಾಗಿದ ಹಲ್ಲುಗಳ ಸಾಲು, ಮೇಲೆ ಸಿಲಿಂಡರಿನ ಒತ್ತಡದಿಂದ ಮುಚ್ಚಿಕೊಳ್ಳುವ ದವಡೆ. ಮಲೆನಾಡಿನವರಿಗೆ ಇದನ್ನು ವಿವರಿಸಲು ನನಗೆ ಸುಲಭವಾದ ಹೋಲಿಕೆಯೊಂದಿದೆ: ನಾಟಾ ಎತ್ತುವ ಆನೆ ದಿಮ್ಮಿಯನ್ನು ದಂತಗಳ ಮೇಲೆ ಹೊತ್ತು, ಮೇಲಿನಿಂದ ಸೊಂಡಿಲನ್ನು ಒತ್ತಿ ಹಿಡಿಯುತ್ತದೆ. ಹಲ್ಲುಗಳು ದಂತ, ದವಡೆ ಸೊಂಡಿಲು.

ತೊಡಕು ಇರುವುದು ಆ ಸೊಂಡಿಲಿಗೆ ಬಲ ಕೊಡುವುದರಲ್ಲಿ. ಪಂಪು ಒತ್ತಿ ಕಳಿಸುವ ಎಣ್ಣೆಯ ಬಲದಿಂದ, ಅಂದರೆ ಹೈಡ್ರಾಲಿಕ್ಕಿನಿಂದ, ನಡೆಯುವ ಲೋಡರಿಗೆ ತಿಳಿದಿರುವುದು ಎರಡೇ ಕೆಲಸ: ತೋಳನ್ನು ಏರಿಸಿ ಇಳಿಸುವುದು, ಬಕೆಟ್ಟನ್ನು ಮಗುಚಿ ಎತ್ತುವುದು. ದವಡೆಯನ್ನು ತೆರೆದು ಮುಚ್ಚುವುದು ಮೂರನೆಯ ಕೆಲಸ. ಅದಕ್ಕೆ ಎಣ್ಣೆ ಹೋಗಿ ಬರುವ ಇನ್ನೊಂದು ಜೋಡಿ ಹೋಸ್ (ಬಾಗುವ ಕೊಳವೆ) ಬೇಕು, ಅದನ್ನು ಆಳುವ ಇನ್ನೊಂದು ವಾಲ್ವ್ ಬೇಕು. ಹಿಂದುಗಡೆಯ ಹೈಡ್ರಾಲಿಕ್ ಔಟ್‌ಲೆಟ್ಟಿನಿಂದ ಉದ್ದನೆಯ ಹೋಸ್ ಎಳೆದು ಮುಂದಕ್ಕೆ ತರಬಹುದು, ಆದರೆ ದವಡೆ ಮುಚ್ಚಲು ಪ್ರತಿ ಸಲವೂ ಲೋಡರಿನ ಲಿವರ್ ಬಿಟ್ಟು ಬೇರೆ ಲಿವರಿಗೆ ಕೈಹಾಕಬೇಕು. ಇನ್ನೊಂದು ಉಪಾಯ ಡೈವರ್ಟರ್: ಗುಂಡಿ ಒತ್ತಿದಾಗ, ಬಕೆಟ್ ಮಗುಚಲು ಹೋಗಬೇಕಾದ ಎಣ್ಣೆಯನ್ನೇ ಅದು ದವಡೆಯ ಕಡೆಗೆ ತಿರುಗಿಸುತ್ತದೆ. ಬೆಲೆ ಕಡಿಮೆ, ಜೋಡಣೆ ಸುಲಭ. ಆದರೆ ರೆಂಬೆಗಳ ರಾಶಿಗೆ ಹಲ್ಲು ತೂರಿಸಿ ಮೇಲಕ್ಕೆ ಹೊರಳಿಸುತ್ತಲೇ ದವಡೆ ಮುಚ್ಚಬೇಕಾದ ಕ್ಷಣದಲ್ಲಿ ಎರಡೂ ಒಟ್ಟಿಗೆ ನಡೆಯುವುದಿಲ್ಲ. ಆದ್ದರಿಂದ ನಾನು ಸ್ವತಂತ್ರವಾದ ಮೂರನೆಯ ವಾಲ್ವನ್ನೇ ಆರಿಸಿಕೊಂಡೆ.

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಈ ಕೆಲಸದ ಜೀವಾಳ ಇದೇ. ನಮ್ಮ ಟ್ರ್ಯಾಕ್ಟರಿನಂಥ ಓಪನ್ ಸೆಂಟರ್ ವ್ಯವಸ್ಥೆಯಲ್ಲಿ ಇಂಜಿನ್ ಓಡುವಷ್ಟು ಹೊತ್ತೂ ಪಂಪು ಎಣ್ಣೆಯನ್ನು ತಳ್ಳುತ್ತಲೇ ಇರುತ್ತದೆ. ಯಾರೂ ಲಿವರ್ ಮುಟ್ಟದಿದ್ದರೆ ಆ ಎಣ್ಣೆ ಮೊದಲು ಲೋಡರಿನ ವಾಲ್ವನ್ನು, ಆಮೇಲೆ ಹಿಂದಿನ ಮೂರು ಕೊಂಡಿಯ ಹಿಚ್ಚಿನ (ಸಲಕರಣೆಗಳನ್ನು ಸಿಕ್ಕಿಸಿ ಎತ್ತುವ ಭಾಗದ) ವಾಲ್ವನ್ನು ಹಾದು, ಎಲ್ಲೂ ನಿಲ್ಲದೆ ಟ್ಯಾಂಕಿಗೆ ಮರಳುತ್ತದೆ. ಅಡಿಕೆ ತೋಟದ ಕಪ್ಪಿನಲ್ಲಿ, ಅಂದರೆ ಕಾಲುವೆಯಲ್ಲಿ, ನೀರು ಒಂದು ಅಂಕಣದಿಂದ ಮುಂದಿನ ಅಂಕಣಕ್ಕೆ ಹರಿದಂತೆ. ಹೊಸ ವಾಲ್ವನ್ನು ನಾನು ಲೋಡರ್ ಮತ್ತು ಹಿಚ್ಚಿನ ನಡುವೆ ಸೇರಿಸಿದೆ. ಅದರಲ್ಲಿ ಎಣ್ಣೆ ಒಳಬರುವ ಬಾಯಿ ಒಂದು, ಮುಂದಿನ ಹಿಚ್ಚಿಗೆ ಸಾಗಿಸುವ ಪವರ್ ಬಿಯಾಂಡ್ ಬಾಯಿ ಒಂದು, ಟ್ಯಾಂಕಿಗೆ ಮರಳಿಸುವ ಬಾಯಿ ಒಂದು, ದವಡೆಯ ಸಿಲಿಂಡರಿಗೆ ಹೋಗುವವು ಎರಡು. ಲೋಡರಿನ ಲಿವರನ್ನು ಅರ್ಧದಷ್ಟು ತಳ್ಳಿದರೆ ಉಳಿದ ಎಣ್ಣೆ ಮುಂದಕ್ಕೆ ಹರಿದು ದವಡೆಯೂ ಚಲಿಸುತ್ತದೆ. ಪೂರ್ತಿ ತಳ್ಳಿದರೆ ಮೇಲಿನ ಅಂಕಣದವರೇ ನೀರನ್ನೆಲ್ಲ ಕಟ್ಟಿಕೊಂಡಂತೆ, ದವಡೆ ಕಾಯಬೇಕಾಗುತ್ತದೆ.

ನಾನು ತಪ್ಪಿದ್ದು ಇಲ್ಲಿಯೇ. ಹೋಸುಗಳನ್ನೆಲ್ಲ ಕೂಡಿಸಿ ಇಂಜಿನ್ ಚಾಲು ಮಾಡಿದಾಗ ದವಡೆ ತೆರೆಯಿತು, ಲೋಡರೂ ಎದ್ದಿತು, ಆದರೆ ಹಿಂದಿನ ಹಿಚ್ಚಿಗೆ ಸಿಕ್ಕಿಸಿದ್ದ ತೂಕದ ಪೆಟ್ಟಿಗೆ ನೆಲ ಬಿಟ್ಟು ಕದಲಲಿಲ್ಲ. ತಕ್ಷಣ ಇಂಜಿನ್ ನಿಲ್ಲಿಸಿ ಒಂದೊಂದೇ ಹೋಸಿನ ಮೇಲೆ ಬೆರಳಿಟ್ಟು ಎಣ್ಣೆಯ ದಾರಿಯನ್ನು ಮೊದಲಿನಿಂದ ಹಿಂಬಾಲಿಸಿದೆ. ಟ್ಯಾಂಕಿಗೆ ಹೋಗಬೇಕಾದ ಹೋಸನ್ನು ಪವರ್ ಬಿಯಾಂಡ್ ಬಾಯಿಗೂ, ಹಿಚ್ಚಿಗೆ ಹೋಗಬೇಕಾದುದನ್ನು ಟ್ಯಾಂಕಿನ ಬಾಯಿಗೂ ಕೂರಿಸಿದ್ದೆ. ಎಣ್ಣೆಯೆಲ್ಲ ಹಿಚ್ಚನ್ನು ಕಾಣದೆಯೇ ಟ್ಯಾಂಕಿಗೆ ಮರಳುತ್ತಿತ್ತು. ಒಳಬರುವ ಬಾಯಿಯೇ ಅದಲುಬದಲಾಗಿದ್ದರೆ ಪರಿಣಾಮ ಇಷ್ಟು ಸೌಮ್ಯವಾಗಿರುತ್ತಿರಲಿಲ್ಲ. ಹೋಗಲು ದಾರಿಯಿಲ್ಲದ ಎಣ್ಣೆ ವಾಲ್ವಿನ ಮೈಯನ್ನೇ ಸೀಳಬಲ್ಲದು. ಅಂದಿನಿಂದ ಪ್ರತಿ ಹೋಸಿನ ಎರಡೂ ತುದಿಗೆ ಒಂದೇ ಬಣ್ಣದ ಪಟ್ಟಿ ಸುತ್ತಿದ್ದೇನೆ. ತೆರೆಯ ಮೇಲೆ ಕಾಣುವ ಹಳದಿ, ನೀಲಿ, ಕೆಂಪು ಪಟ್ಟಿಗಳು ಅವೇ.

ಫಿಟ್ಟಿಂಗುಗಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನೀರಿನ ನಲ್ಲಿಗೆ ಟೇಪು ಸುತ್ತುವ ಅಭ್ಯಾಸ ನಮ್ಮ ಕೈಗೆ ಅಂಟಿಕೊಂಡಿದೆ, ಇಲ್ಲಿ ಅದು ನಡೆಯದು. ವಾಲ್ವಿನ ಬಾಯಿಗೆ ಕೂರುವ ನೇರ ಥ್ರೆಡ್ಡಿನ (ತುದಿಗೆ ಕಿರಿದಾಗದ ತಿರುಪುಸುತ್ತಿನ) ಫಿಟ್ಟಿಂಗಿನಲ್ಲಿ ಸೋರಿಕೆ ತಡೆಯುವುದು ಅದರ ಬುಡದ ಓ-ರಿಂಗ್ ಎಂಬ ರಬ್ಬರಿನ ಬಳೆ. ಹೋಸಿನ ತುದಿಯ 37 ಡಿಗ್ರಿ ಕೋನದ ಫಿಟ್ಟಿಂಗಿನಲ್ಲಿ ಲೋಹವೇ ಲೋಹಕ್ಕೆ ಒತ್ತಿ ಕೂರುತ್ತದೆ. ಎರಡಕ್ಕೂ ಟೇಪು ಬೇಡ. ಟೇಪಿನ ಒಂದು ಚೂರು ಹರಿದು ಒಳಗೆ ಸೇರಿದರೆ, ವಾಲ್ವಿನ ಒಳಗೆ ಅತಿ ಕಿರಿದಾದ ಸಂದಿನಲ್ಲಿ ಜಾರುತ್ತ ಎಣ್ಣೆಯ ದಾರಿ ಬದಲಿಸುವ ಸ್ಪೂಲ್ ಎಂಬ ಕಡ್ಡಿ ಕಚ್ಚಿಕೊಂಡು ನಿಲ್ಲಬಹುದು. ಗ್ರಾಪಲ್ಲಿಗೆ ಹೋಸ್ ಕೂಡಿಸುವ ಕಡೆ ಮುಖ ಸಮತಟ್ಟಾಗಿರುವ ಕಪ್ಲರುಗಳನ್ನು (ಕೈಯಿಂದಲೇ ಕೂಡಿಸಿ ಬಿಚ್ಚುವ ಜೋಡಣೆಗಳನ್ನು) ಹಾಕಿದ್ದೇನೆ. ಒರೆಸಿದರೆ ಮಣ್ಣು ಉಳಿಯುವುದಿಲ್ಲ, ಬಿಚ್ಚುವಾಗ ಎಣ್ಣೆಯೂ ಹೆಚ್ಚು ಚೆಲ್ಲುವುದಿಲ್ಲ.

ವಿದ್ಯುತ್ತಿನ ಭಾಗ ಅರ್ಧ ದಿನದಲ್ಲಿ ಮುಗಿಯಿತು. ಲಿವರಿನ ಹಿಡಿಕೆಯಲ್ಲಿ ತೆರೆಯಲು ಒಂದು ಗುಂಡಿ, ಮುಚ್ಚಲು ಒಂದು. ಅವು 12 ವೋಲ್ಟಿನ ಸೊಲೆನಾಯ್ಡುಗಳಿಗೆ, ಅಂದರೆ ವಾಲ್ವನ್ನು ಸರಿಸುವ ವಿದ್ಯುತ್ಕಾಂತಗಳಿಗೆ, ಚಾಲನೆ ಕೊಡುತ್ತವೆ. ನಡುವೆ ಫ್ಯೂಸ್ ಮತ್ತು ರಿಲೇ ಇವೆ. ತಂತಿಯನ್ನು ಬ್ಯಾಟರಿಗೆ ನೇರವಾಗಿ ಕೊಡದೆ ಕೀಲಿಯ ಮೂಲಕ ತಂದಿದ್ದೇನೆ. ಇಂಜಿನ್ ನಿಲ್ಲಿಸಿ, ಕೀಲಿಯನ್ನು ಮಾತ್ರ ತಿರುಗಿಸಿ ಎರಡೂ ಗುಂಡಿಗಳನ್ನು ಒಂದಾದ ಮೇಲೊಂದು ಒತ್ತಿದರೆ ಹೋಸಿನಲ್ಲಿ ಉಳಿದ ಒತ್ತಡ ಇಳಿಯುತ್ತದೆ. ಹಾಗೆ ಇಳಿಸದೆ ಬಿಚ್ಚಿ ಬಿಸಿಲಿಗೆ ಬಿಟ್ಟರೆ ಒಳಗಿನ ಎಣ್ಣೆ ಹಿಗ್ಗಿ, ಮರುದಿನ ಕಪ್ಲರನ್ನು ಎಷ್ಟು ಒತ್ತಿದರೂ ಕೂಡಿಕೊಳ್ಳುವುದಿಲ್ಲ.

ಈ ದೃಶ್ಯದಲ್ಲಿ ನನ್ನ ಕೈಯಲ್ಲಿ ಒಂದು ರಟ್ಟಿನ ತುಂಡಿದೆ. ಅದನ್ನು ದಯವಿಟ್ಟು ಗಮನಿಸಿ. ಕಾರಿನ ಟೈರಿನಲ್ಲಿ ಚದರ ಇಂಚಿಗೆ ಸುಮಾರು 32 ಪೌಂಡ್ ಒತ್ತಡವಿದ್ದರೆ, ಈ ಹೋಸುಗಳಲ್ಲಿ 2,500ರ ಆಸುಪಾಸು ಇರುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದಿರಬಹುದು, ಆದರೆ ಅದು ಚರ್ಮವನ್ನು ತೂರಿ ಮಾಂಸದೊಳಗೆ ಹೊಗುತ್ತದೆ. ಹೊರಗೆ ಸಣ್ಣ ಚುಕ್ಕೆಯಷ್ಟೇ ಕಾಣುತ್ತದೆ, ಮೊದಮೊದಲು ನೋವೂ ಹೆಚ್ಚಿರುವುದಿಲ್ಲ. ಆದರೂ ತಡಮಾಡದೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ಆದ್ದರಿಂದ ಸೋರಿಕೆಯನ್ನು ಎಂದೂ ಕೈಯಿಂದ ಸವರಿ ಹುಡುಕಬೇಡಿ. ರಟ್ಟನ್ನು ಹೋಸಿನುದ್ದಕ್ಕೂ ಸರಿಸಿ, ಎಣ್ಣೆಯ ಕಲೆ ಬೀಳುವುದೇ ನೋಡಿ. ಊರಿನಲ್ಲಿ ಟ್ರ್ಯಾಕ್ಟರು ನಡೆಸುವ ಅಣ್ಣತಮ್ಮಂದಿರಿಗೂ ನನ್ನ ಬೇಡಿಕೆ ಇದೇ. ಟಿಪ್ಪಿಂಗ್ ಟ್ರೇಲರಿನ ಹೋಸಿನಲ್ಲೂ ಇದೇ ಅಪಾಯವಿದೆ.

ಇನ್ನು ತೂಕದ ಲೆಕ್ಕ. ನಮ್ಮ ಲೋಡರ್ ತೋಳಿನ ಪಿನ್ನಿನ ಬಳಿ ಸುಮಾರು 500 ಕಿಲೋ ಎತ್ತುತ್ತದೆ, ಅರ್ಧ ಮೀಟರ್ ಮುಂದಕ್ಕೆ ಹೋದರೆ 390 ಕಿಲೋ. ಗ್ರಾಪಲ್ಲಿನ ಸ್ವಂತ ತೂಕವೇ 160 ಕಿಲೋ. ಉಳಿದದ್ದು 230. ನಲವತ್ತು ಸೆಂಟಿಮೀಟರ್ ದಪ್ಪದ, 2.4 ಮೀಟರ್ ಉದ್ದದ ದಿಮ್ಮಿಯೊಂದು ಸುಮಾರು 0.3 ಘನ ಮೀಟರ್ ಆಗುತ್ತದೆ. ಹಸಿ ಪೋಪ್ಲರ್ ಆದರೆ ಅದು 180 ಕಿಲೋ ಆಸುಪಾಸು, ಎತ್ತಬಹುದು. ಹಸಿ ಕೆಂಪು ಓಕ್ ಆದರೆ ಅದೇ ಅಳತೆಗೆ 300 ಕಿಲೋ, ಪೂರ್ತಿ ಎತ್ತರಕ್ಕೆ ಎತ್ತಲಾಗದು. ಇದೇ ಕಾರಣಕ್ಕೆ ಭಾರವಾದ, ಅಗಲವಾದ ಗ್ರಾಪಲ್ ಕೊಳ್ಳುವ ಆಸೆಯನ್ನು ಬಿಟ್ಟು 48 ಇಂಚಿನ ಹಗುರವಾದದ್ದನ್ನು ತಂದೆ. ಮುಂದೆ ಭಾರ ಬಿದ್ದಷ್ಟೂ ಹಿಂದಿನ ಚಕ್ರ ನೆಲವನ್ನು ಬಿಡಲು ನೋಡುತ್ತದೆ; ಹಿಂದೆ 270 ಕಿಲೋ ತೂಕದ ಪೆಟ್ಟಿಗೆ ಇಲ್ಲದೆ ನಾನು ಒಂದು ದಿಮ್ಮಿಯನ್ನೂ ಮುಟ್ಟುವುದಿಲ್ಲ.

ಇದು ಮೊದಲ ದಿನದ ಕೆಲಸ. ಚಿತ್ರೀಕರಿಸುತ್ತಿರುವವಳು ನನ್ನ ಹೆಂಡತಿ. ಅವಳು ನಿಂತಿರುವುದು ಇಳಿಜಾರಿನ ಮೇಲ್ಗಡೆ, ಸಾಕಷ್ಟು ದೂರದಲ್ಲಿ. ದಿಮ್ಮಿಯನ್ನು ನಡುಮಧ್ಯಕ್ಕೆ ಹಿಡಿಯಲು ನಾನು ಎರಡು ಬಾರಿ ಹಿಂದೆ ಸರಿದು ಬರುವುದನ್ನು ನೋಡಬಹುದು. ಒಂದೇ ತುದಿಯಲ್ಲಿ ಹಿಡಿದೆಳೆದರೆ ಲೋಡರಿನ ತೋಳುಗಳು ತಿರುಚಿಕೊಳ್ಳುತ್ತವೆ. ಹಿಡಿದ ಮೇಲೆ ಮೊಣಕಾಲಿನಷ್ಟು ಎತ್ತರದಲ್ಲೇ ಒಯ್ಯುತ್ತೇನೆ. ತಲೆಯ ಮಟ್ಟಕ್ಕೆ ಎತ್ತಿದಾಗ ಹಿಡಿತ ತಪ್ಪಿದ ದಿಮ್ಮಿ ತೋಳುಗಳ ಮೇಲಿಂದ ಉರುಳಿ ನೇರವಾಗಿ ಚಾಲಕನ ಮೇಲೆ ಬರುತ್ತದೆ. ಆ ಸಂಜೆಯ ಹೊತ್ತಿಗೆ ಹದಿನೇಳು ದಿಮ್ಮಿಗಳು ದಾರಿಯ ಪಕ್ಕದಲ್ಲಿ ಸಾಲಾಗಿ ಕುಳಿತಿದ್ದವು. ದೊಡ್ಡ ಓಕ್ ದಿಮ್ಮಿಗಳನ್ನು ಮಾತ್ರ ಅಲ್ಲೇ ಎರಡಾಗಿ ಕೊಯ್ದು ತರಬೇಕಾಯಿತು.

ಹತ್ತು ಗಂಟೆಗಳ ಕೆಲಸವಾದ ಮೇಲೆ, ಎಣ್ಣೆಯ ಮಟ್ಟ ನೋಡಿದೆ. ಹೊಸ ಹೋಸು ಮತ್ತು ಸಿಲಿಂಡರ್ ತುಂಬಿಕೊಂಡಷ್ಟು ಕಡಿಮೆಯಾಗಿತ್ತು, ತುಂಬಿಸಿದೆ. ಪವರ್ ಬಿಯಾಂಡಿನ ಫಿಟ್ಟಿಂಗೊಂದು ಬೆವರಿದಂತೆ ಎಣ್ಣೆ ಜಿನುಗಿಸುತ್ತಿತ್ತು. ಒತ್ತಡ ಇಳಿಸಿ, ಬಿಚ್ಚಿ ನೋಡಿದರೆ ಓ-ರಿಂಗಿನ ಒಂದು ಅಂಚು ಕಚ್ಚಿದಂತಾಗಿತ್ತು; ಹೊಸದಕ್ಕೆ ಎಣ್ಣೆ ಸವರಿ ಕೂರಿಸಿ ಬಿಗಿದೆ. ಆಮೇಲೆ ಇಂಜಿನ್ ಚಾಲು ಮಾಡಿ, ಅದೇ ರಟ್ಟನ್ನು ಮತ್ತೊಮ್ಮೆ ಸರಿಸಿದೆ. ರಟ್ಟು ಒಣಗಿಯೇ ಇತ್ತು.