ಮೂತಿಗೆ ಸೀಸ ತುರುಕುವ ಮೊದಲು

ನಮಸ್ಕಾರ. ಸೆಕೆಂಡ್ ಹ್ಯಾಂಡ್ ಆರ್‌ಸಿ ವಿಮಾನ, ಅಂದರೆ ರಿಮೋಟಿನಿಂದ ಹಾರಿಸುವ ಮಾದರಿ ವಿಮಾನ, ತಂದವರು ಮೊದಲು ಏನು ಮಾಡುತ್ತಾರೆ? ಹರಿದ ಕವರಿಂಗ್ ಕಿತ್ತು ಹೊಸದು ಹಾಕುತ್ತಾರೆ, ಸ್ಟಿಕ್ಕರ್ ಅಂಟಿಸುತ್ತಾರೆ. ಎಲ್ಲ ಮುಗಿದ ಮೇಲೆ ಬ್ಯಾಲೆನ್ಸ್ ನೋಡುತ್ತಾರೆ. ಬಾಲ ಕೆಳಗೆ ಜಗ್ಗುತ್ತದೆ. ಸರಿ, ಮೂತಿಗೆ ಒಂದಿಷ್ಟು ಸೀಸ ತುರುಕಿ ಮೈದಾನಕ್ಕೆ ಹೊರಟೇ ಬಿಡುತ್ತಾರೆ. ನನ್ನ ತಕರಾರು ಇರೋದೇ ಇಲ್ಲಿ. ಹಳೇ ವಿಮಾನದ ಕೆಲಸ ಬ್ಯಾಲೆನ್ಸಿನಿಂದಲೇ ಶುರುವಾಗಬೇಕು. ಬೇರೆ ಯಾವ ದಾರಿಯೂ ಇಲ್ಲದಾಗ ಸೀಸ.

ಒಂದು ಮಾಮೂಲಿ ಟ್ರೇನರ್, ಅಂದರೆ ಕಲಿಯುವವರ ವಿಮಾನ, ತೆಗೆದುಕೊಳ್ಳೋಣ. 40 ಸೈಜಿನದು, ಅಂದರೆ ಸುಮಾರು 6.5 ಸಿಸಿ ಗ್ಲೋ ಎಂಜಿನ್‌ಗೆ ಅಂತ ಮಾಡಿದ್ದು. ಬಾಲ್ಸಾ ಮರದ ಮೈ, ಮೇಲೆ ರೆಕ್ಕೆ. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 28 ಸೆಂ.ಮೀ. ಅಂತಿಟ್ಟುಕೊಳ್ಳಿ. ಮ್ಯಾನುವಲ್ ಸಿಕ್ಕರೆ ಅದನ್ನೇ ನಂಬಿ. ಸಿಗೋದು ಅಪರೂಪ ಬಿಡಿ. ಉದ್ದಕ್ಕೂ ಒಂದೇ ಅಗಲದ ಇಂಥ ರೆಕ್ಕೆಗೆ ಸಿಜಿ, ಅಂದರೆ ವಿಮಾನ ಸಮತೋಲವಾಗಿ ನಿಲ್ಲುವ ಗುರುತ್ವ ಕೇಂದ್ರ, ಸಾಮಾನ್ಯವಾಗಿ ಮುಂದಿನ ಅಂಚಿನಿಂದ ಶೇ. 25ರಿಂದ 33ರೊಳಗೆ ಇರುತ್ತದೆ. ನಮ್ಮ ಲೆಕ್ಕಕ್ಕೆ 7ರಿಂದ 9 ಸೆಂ.ಮೀ. ಮೊದಲ ಹಾರಾಟಕ್ಕೆ 7ರ ಹತ್ತಿರವೇ ಇರಲಿ. ಮೂತಿ ಸ್ವಲ್ಪ ಭಾರವಾದರೆ ವಿಮಾನ ಸೋಮಾರಿಯಾಗಿ ಹಾರುತ್ತದೆ, ಇಳಿಸುವಾಗ ವೇಗ ಜಾಸ್ತಿ ಬೇಕು, ಅಷ್ಟೇ. ಬಾಲ ಭಾರವಾದದ್ದು ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಚೂರು ಮುಟ್ಟಿದರೂ ತಲೆ ಎತ್ತಿ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಅಲ್ಲಿಗೆ ಕಥೆ ಮುಗೀತು.

ಈಗ ತೂಕದ ವಿಚಾರ. ಸಿಜಿಯಿಂದ ಬಾಲ 75 ಸೆಂ.ಮೀ. ದೂರ, ಮೂತಿ ಬರೀ 25. ಬಾಲದಲ್ಲಿ 10 ಗ್ರಾಂ ಜಾಸ್ತಿ ಇದ್ದರೆ ಮೂತಿಗೆ 30 ಗ್ರಾಂ ಹಾಕಬೇಕು. ಒಟ್ಟು 40 ಗ್ರಾಂ ಸುಮ್ನೆ ಹೊತ್ತು ತಿರುಗಬೇಕು. ಬಾಲದ ಆ 10 ಗ್ರಾಂ ತೆಗೆದರೆ ಏನೂ ಸೇರಿಸೋದೇ ಬೇಡ.

ಆ 10 ಗ್ರಾಂ ಬಂದದ್ದೆಲ್ಲಿಂದ? ಬಹಳ ಸಲ ಹಳೇ ಮಾಲೀಕರ ರಿಪೇರಿಯಿಂದ. ಬಾಲದ ಮೇಲೆ ನೆಟ್ಟಗೆ ನಿಂತ ಫಿನ್ನಿನ ಬುಡ ನೋಡಿ. ಮುರಿದ ಕಡೆ ಎಪಾಕ್ಸಿ ಅಂಟು ಸುರಿದು, ಅದರ ಮೇಲೆ ಫೈಬರ್‌ಗ್ಲಾಸ್ ಪಟ್ಟಿ, ಅದರ ಮೇಲೆ ಹಳೇದು ಹೊಸದು ಎರಡೂ ಕವರಿಂಗ್. ಉಗುರಿನಿಂದ ತಟ್ಟಿ. ಬಾಲ್ಸಾ ಟೊಳ್ಳಾಗಿ ಸದ್ದು ಮಾಡುತ್ತದೆ, ಅಂಟಿನ ಗಡ್ಡೆ ಟಕ್ ಅನ್ನುತ್ತದೆ. ಅದನ್ನು ಉಜ್ಜಿ ತೆಗೆದು ತೆಳುವಾಗಿ ಅಂಟಿಸಿ. ಹಾಗೇ ಮೂತಿಯೊಳಗೂ ಬೆರಳು ಹಾಕಿ ನೋಡಿ. ಹಿಂದೆ ಇದ್ದ ಹಗುರ ಎಂಜಿನ್‌ಗೆ ಅಂತ ಹಾಕಿದ ಸೀಸ ಇನ್ನೂ ಅಲ್ಲೇ ಕೂತಿರಬಹುದು.

ಗ್ಲೋ ಎಂಜಿನ್ ಓಡಿದ ವಿಮಾನವಾದರೆ ಇನ್ನೊಂದು ತಲೆನೋವು ಇದೆ. ಫೈರ್‌ವಾಲ್, ಅಂದರೆ ಎಂಜಿನ್ ಕೂರುವ ಪ್ಲೈವುಡ್ ಹಲಗೆ, ಎಣ್ಣೆ ಕುಡಿದಿರುತ್ತದೆ. ಈ ಎಂಜಿನ್‌ಗಳ ಇಂಧನ ಮೆಥನಾಲ್. ಅದಕ್ಕೆ ಬೆರೆಸುವ ಎಣ್ಣೆ ಎಷ್ಟೋ ಸಲ ನಮ್ಮ ಹರಳೆಣ್ಣೆಯೇ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯಲ್ಲ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಾರ್ನ್‌ಫ್ಲೋರ್ ಕಲಸಿ ಬಳಿಯಿರಿ, ಒಣಗಿದ ಮೇಲೆ ಕೆರೆಯಿರಿ. ಪುಡಿ ಎಣ್ಣೆ ಹೀರಿಕೊಂಡು ಬಣ್ಣ ಕೆಟ್ಟಿರುತ್ತದೆ. ಬಿಳಿಯಾಗಿಯೇ ಬರುವ ತನಕ ಮತ್ತೆ ಮತ್ತೆ ಬಳಿಯಬೇಕು. ಬೇಸರದ ಕೆಲಸ. ಆದರೂ ಆಕಾಶದಲ್ಲಿ ಎಂಜಿನ್ ಕಿತ್ತು ಬರೋದಕ್ಕಿಂತ ವಾಸಿ ಅಲ್ವಾ? ಎಂಜಿನ್ನೇ ಹರಳೆಣ್ಣೆ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಇಕ್ಕಳ ಹಾಕಿ ತಿರುಗಿಸಬೇಡಿ. ಹೀಟ್ ಗನ್ನಿನಿಂದ ಬಿಸಿ ಮಾಡಿ, ಮೆಲ್ಲಗೆ ಸಡಿಲವಾಗುತ್ತದೆ.

ಬ್ಯಾಲೆನ್ಸ್ ನೋಡುವಾಗ ಪ್ರೊಪೆಲರ್, ಬ್ಯಾಟರಿ, ಚಕ್ರ ಎಲ್ಲ ಜಾಗದಲ್ಲಿರಲಿ. ಟ್ಯಾಂಕ್ ಮಾತ್ರ ಖಾಲಿ. ಟ್ರೇನರಿನಲ್ಲಿ ಅದು ಸಿಜಿಗಿಂತ ಮುಂದಿರುತ್ತದೆ, ಹಾಗಾಗಿ ಇಂಧನ ಮುಗಿದಂತೆ ಬಾಲ ಭಾರವಾಗುತ್ತಾ ಬರುತ್ತದೆ. ರೆಕ್ಕೆಯ ಅಡಿಗೆ ಎರಡೂ ಕಡೆ ಬೆರಳಿಟ್ಟು ಎತ್ತಿ. ರೆಕ್ಕೆ ಕೆಳಗಿರುವ ವಿಮಾನವಾದರೆ ಮಗುಚಿ ಹಿಡಿಯಿರಿ. ಬಾಲ ಇನ್ನೂ ಜಗ್ಗಿದರೆ ಮೊದಲು ಬ್ಯಾಟರಿ ಮುಂದಕ್ಕೆ ಸರಿಸಿ, ಆಮೇಲೆ ಸರ್ವೋ (ಎಲಿವೇಟರ್ ಮುಂತಾದವನ್ನು ಆಡಿಸುವ ಪುಟ್ಟ ಮೋಟಾರು). ಎಲೆಕ್ಟ್ರಿಕ್‌ಗೆ ಬದಲಾಯಿಸಿದ್ದರೆ ಲಿಪೊ ಬ್ಯಾಟರಿ ಪ್ಯಾಕೇ ನಿಮ್ಮ ಸೀಸ. ಒಂದು ರೆಕ್ಕೆಗೆ ಮಾತ್ರ ರಿಪೇರಿ ಆಗಿದ್ದರೆ ಎಡಬಲವೂ ನೋಡಬೇಕು.

ಕೊನೇ ಪರೀಕ್ಷೆ ಆಕಾಶದಲ್ಲಿ. ಕಡ್ಡಿ ಬಿಟ್ಟರೂ ನೇರ ಹಾರುವಂತೆ ರಿಮೋಟಿನಲ್ಲಿ ಟ್ರಿಮ್ ಮಾಡಿ, ಎತ್ತರಕ್ಕೆ ಹೋಗಿ, ಥ್ರಾಟಲ್ ಇಳಿಸಿ, ಮೂತಿ ತಗ್ಗಿಸಿ ಎಲಿವೇಟರ್ ಕಡ್ಡಿ ಬಿಡಿ. ವಿಮಾನ ತಾನೇ ಜೋರಾಗಿ ತಲೆ ಎತ್ತಿದರೆ ಮೂತಿ ಭಾರ ಇದೆ. ನೇರ ಹಾರಲು ಕೊಟ್ಟಿದ್ದ ಅಪ್ ಟ್ರಿಮ್, ವೇಗ ಹೆಚ್ಚಿದಾಗ ಜಾಸ್ತಿ ಕೆಲಸ ಮಾಡುತ್ತದೆ. ಇನ್ನೂ ಕೆಳಗೇ ನುಗ್ಗಿದರೆ ತಕ್ಷಣ ಎತ್ತಿ, ಇಳಿಸಿ, ಬ್ಯಾಟರಿ ಮುಂದಕ್ಕೆ ತಳ್ಳಿ. ನಿಧಾನಕ್ಕೆ ಮೇಲೆದ್ದರೆ ಸಾಕು, ಮುಟ್ಟಬೇಡಿ.

ಕೊಳ್ಳಲು ಹೋದಾಗ ಮಾರುವವರ ಹತ್ತಿರ ಇಷ್ಟೇ ಕೇಳಿ: "ಸರ್, ಬ್ಯಾಟರಿ ಹಾಕಿ ಒಂದ್ಸಲ ಬೆರಳ ಮೇಲೆ ಎತ್ತಿ ತೋರಿಸ್ತೀರಾ?" ಬ್ಯಾಟರಿ ಊದಿಕೊಂಡಿದ್ದರೆ ಹೊಸ ಪ್ಯಾಕಿನ ಬೆಲೆ ಕಳೆದೇ ಚೌಕಾಸಿಗೆ ಕೂರಿ.