ಕೈದಿಯ ಲುಂಗಿಯ ಮೇಲೆ ಬರೆದ ಚಿತ್ರಗಳು

ಸ್ನೇಹಿತರೇ,

ಬರ್ಮೀಯರು ಉಡುವ ಲೋಂಜಿ ನಮ್ಮ ಲುಂಗಿಯ ದಾಯಾದಿ. ಹೆಸರಿನಲ್ಲೇ ನಂಟು ಕೇಳಿಸುತ್ತದೆ. ಕಲೆಯ ಬಗ್ಗೆ ಮಾತನಾಡಬೇಕಾದವನು ಉಡುಪಿನಿಂದ ಶುರು ಮಾಡಿದನಲ್ಲ ಎನ್ನಬೇಡಿ. ಚಿತ್ರಕಾರ ಥೇನ್ ಲಿನ್ ಅವರಿಗೆ ಆರೂವರೆ ವರ್ಷ ಕ್ಯಾನ್‌ವಾಸ್ ಆಗಿದ್ದದ್ದು ಇದೇ ಬಟ್ಟೆ.

ಅವರು ಹುಟ್ಟಿದ್ದು 1966ರಲ್ಲಿ, ಐರಾವತಿ ಪ್ರಾಂತ್ಯದ ಇಂಗಾಪು ಎಂಬ ಊರಿನಲ್ಲಿ. ರಂಗೂನಿನಲ್ಲಿ ಕಾನೂನು ಓದುತ್ತಿದ್ದಾಗ ಹಾಡು, ಕುಣಿತ, ಹಾಸ್ಯ ಬೆರೆತ ದೇಸೀ ರಂಗದಲ್ಲಿ ಜನರನ್ನು ನಗಿಸುತ್ತಿದ್ದರು. 1988ರ ವಿದ್ಯಾರ್ಥಿ ದಂಗೆಯನ್ನು ಸೇನೆ ಗುಂಡಿಟ್ಟು ಹತ್ತಿಕ್ಕಿದಾಗ ಸಾವಿರಾರು ಯುವಕರು ಗಡಿಗಳತ್ತ ಓಡಿದರು. ಇವರು ಬಂದದ್ದು ನಮ್ಮ ಮಣಿಪುರದ ನಿರಾಶ್ರಿತರ ಶಿಬಿರಕ್ಕೆ. ಅಲ್ಲಿ ಮಾಂಡಲೆಯ ಕಲಾವಿದ ಸಿಟ್ ನ್ಯೇನ್ ಅಯೇ ಕೂಡ ಇದ್ದರು. ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ಚಿತ್ರಕಲೆ ಕಲಿಸಿದರು. ನಮ್ಮಲ್ಲಿ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರಲ್ಲ, ಹಾಗೆ.

ಆಮೇಲಿನ ಒಂದು ಅಧ್ಯಾಯವನ್ನು ಹಲವರು ಹಾರಿಸಿಬಿಡುತ್ತಾರೆ. ಬರ್ಮಾದ ಉತ್ತರ ತುದಿಯ ಕಚಿನ್ ಪ್ರದೇಶದ ಬಂಡಾಯ ವಿದ್ಯಾರ್ಥಿಗಳ ಶಿಬಿರದಲ್ಲಿ ಗೂಢಚಾರರೆಂಬ ಗುಮಾನಿಯ ಮೇಲೆ ಹಲವರನ್ನು ಹಿಡಿದು ಹಿಂಸಿಸಿದರು, ಕೆಲವರನ್ನು ಕೊಂದರು. ಥೇನ್ ಲಿನ್ ಸಂಗಾತಿಗಳ ಕೈಯಲ್ಲೇ ನರಳಿ, ಹೇಗೋ ಬದುಕಿ ಬಂದರು. ಸರ್ವಾಧಿಕಾರವನ್ನು ಎದುರಿಸಿದವರೆಲ್ಲ ಸಂತರೆಂದು ಹೇಳಿದರೆ ಕತೆ ಚೊಕ್ಕವಾಗುತ್ತದೆ, ನಿಜ. ಆದರೆ ಇವರ ಚಿತ್ರಗಳಲ್ಲಿ ಒಳ್ಳೆಯವರು ಒಂದು ಕಡೆ, ಕೆಟ್ಟವರು ಇನ್ನೊಂದು ಕಡೆ ಏಕಿಲ್ಲ ಎಂಬುದು ಆಗ ತಿಳಿಯುವುದಿಲ್ಲ.

1998ರಲ್ಲಿ ಸೇನಾಡಳಿತ ಅವರನ್ನು ಜೈಲಿಗೆ ಹಾಕಿತು. ಹೊರಬಂದದ್ದು 2004ರಲ್ಲಿ. ಒಳಗೆ ಕುಂಚವಿಲ್ಲ, ಬಣ್ಣವಿಲ್ಲ, ಕಾಗದವಂತೂ ನಿಷಿದ್ಧ. ಇದ್ದದ್ದು ಕೈದಿಗಳ ಬಿಳಿ ಹತ್ತಿಯ ಅಂಗಿ, ಲೋಂಜಿ. ಕೆಲವು ಕಾವಲುಗಾರರು ಗುಟ್ಟಾಗಿ ಬಣ್ಣ ತಂದುಕೊಟ್ಟರು. ಬೆರಳು, ಸಿಗರೇಟ್ ಲೈಟರಿನ ಪುಟ್ಟ ಗಾಲಿ, ಇಂಜೆಕ್ಷನ್ ಸಿರಿಂಜ್ ಇವೇ ಕುಂಚ. ಸೋಪನ್ನು ಕೆತ್ತಿ ಅಚ್ಚು ಮಾಡಿಕೊಂಡರು. ಇನ್ನೂರಕ್ಕೂ ಹೆಚ್ಚು ಬಟ್ಟೆಗಳು ಕಾವಲುಗಾರರ ಕೈದಾಟಿ ಹೊರಗೆ ಹೋದವು. ಕೈದಿ ಕೆಲಸ ಮಾಡಿದ್ದು ಹೌದು, ಆದರೆ ಹಿಡಿದುಕೊಟ್ಟರೆ ಬಡ್ತಿ ಸಿಗುತ್ತಿದ್ದ ಮನುಷ್ಯ ಸುಮ್ಮನಿದ್ದುದರಿಂದಲೇ ಆ ಚಿತ್ರಗಳು ಉಳಿದವು. ಈ ಸರಣಿಗೆ ಅವರಿಟ್ಟ ಹೆಸರು '000235'. ಕೈದಿಗಳ ಯೋಗಕ್ಷೇಮ ನೋಡಲು ಬರುತ್ತಿದ್ದ ರೆಡ್ ಕ್ರಾಸ್‌ನ ಕಡತದಲ್ಲಿ ಅವರಿಗಿದ್ದ ಸಂಖ್ಯೆ ಅದು.

ಇವುಗಳಲ್ಲಿ ಘೋಷಣೆ ಹುಡುಕಬೇಡಿ. 'ಆರು ಬೆರಳು' ಎಂಬ ಚಿತ್ರವನ್ನೇ ನೋಡಿ. ಕಠಿಣ ದುಡಿಮೆಯ ಶಿಬಿರಗಳಿಗೆ ಹೋಗುವುದೆಂದರೆ ಸಾವಿಗೆ ಹತ್ತಿರವಾದಂತೆ. ತಪ್ಪಿಸಿಕೊಳ್ಳಲು ಕೈದಿಗಳು ತಮ್ಮ ಬೆರಳುಗಳನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದರು. ಹೀಗೆ ಮಾಡಿಕೊಂಡವರು ರಾಜಕೀಯ ಕೈದಿಗಳಲ್ಲ. ಕಳವು, ಹೊಡೆದಾಟದ ಮೇಲೆ ಒಳಗೆ ಬಂದ ಬಡವರು, ಯಾವ ಪತ್ರಿಕೆಯೂ ಹೆಸರೆತ್ತದವರು. ಅವರನ್ನೂ ಲೆಕ್ಕಕ್ಕೆ ಹಿಡಿದದ್ದೇ ನನ್ನ ಮಟ್ಟಿಗೆ ಈ ಕಲೆಯ ದೊಡ್ಡ ಪ್ರತಿಭಟನೆ.

ಬಿಡುಗಡೆಯ ನಂತರ, ಆಗ ಬ್ರಿಟನ್ನಿನ ರಾಯಭಾರಿಯಾಗಿದ್ದ ವಿಕಿ ಬೋಮನ್ ಈ ಬಟ್ಟೆಗಳನ್ನು ಜೋಪಾನ ಮಾಡಿದರು. ಮುಂದೆ ಇಬ್ಬರೂ ಮದುವೆಯಾದರು, ಲಂಡನ್ನಿಗೆ ಹೋದರು. 2013ರಲ್ಲಿ ದೇಶ ಸ್ವಲ್ಪ ಸಡಿಲಾದಾಗ ಮರಳಿ ಬಂದ ಥೇನ್ ಲಿನ್ ಹಳೆಯ ರಾಜಕೀಯ ಕೈದಿಗಳನ್ನು ಹುಡುಕಿಕೊಂಡು ಹೊರಟರು. ಒಬ್ಬೊಬ್ಬರ ಬಲ ಮುಂಗೈಗೂ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದರು. ಮುರಿದ ಮೂಳೆ ಕೂಡಿಸಲು ವೈದ್ಯರು ಹಾಕುವುದೂ ಅದನ್ನೇ. ಲಂಡನ್ನಿನಲ್ಲಿ ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡಾಗ ಹೊಳೆದ ಯೋಚನೆಯಂತೆ ಇದು. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಎದುರಿಗಿದ್ದವರು ಕೈ ಅಲುಗಿಸುವಂತಿಲ್ಲ, ಸುಮ್ಮನೆ ಕೂತಿರಬೇಕು; ಆಗ ಮಾತು ತಾನಾಗಿ ಬರುತ್ತದೆ. ಎಲ್ಲಿ ಇದ್ದಿರಿ, ಎಷ್ಟು ವರ್ಷ ಎಂದು ಕೇಳಿ ಬರೆದುಕೊಂಡರು. ಹೀಗೆ ನೂರಾರು ಕೈಗಳು ಸೇರಿದವು.

2021ರ ಫೆಬ್ರವರಿ 1ರಂದು ಸೇನೆ ಮತ್ತೆ ಅಧಿಕಾರ ಕಿತ್ತುಕೊಂಡಿತು. ಮಾರ್ಚ್‌ನಲ್ಲಿ ಹೆಂಗಸರು ತಾವುಡುವ ಲೋಂಜಿಗಳನ್ನು ಬೀದಿಗೆ ಅಡ್ಡಲಾಗಿ ಹಗ್ಗದ ಮೇಲೆ ಹರವಿದರು. ಅದರ ಕೆಳಗೆ ನಡೆದರೆ ಗಂಡಸಿನ ತೇಜಸ್ಸು ಕುಂದುತ್ತದೆಂಬ ನಂಬಿಕೆ ಅಲ್ಲಿದೆ. ಬಂದೂಕು ಹಿಡಿದ ಸಿಪಾಯಿಗಳು ನಿಂತು, ಹಗ್ಗ ಕತ್ತರಿಸಿಕೊಂಡು ಮುಂದೆ ಹೋಗಬೇಕಾಯಿತು. ವಸ್ತುಗಳನ್ನೇ ಜೋಡಿಸಿ ಮಾಡುವ ಪ್ರತಿಷ್ಠಾಪನಾ ಕಲೆ, ಅದೂ ಯಾವ ಕಲಾಶಾಲೆಯೂ ಹೇಳಿಕೊಡದ್ದು!

2022ರ ಆಗಸ್ಟ್‌ನಲ್ಲಿ ಥೇನ್ ಲಿನ್ ಮತ್ತು ವಿಕಿ ಬೋಮನ್ ಇಬ್ಬರನ್ನೂ ಬಂಧಿಸಿದರು. ಆಪಾದನೆ ವಲಸೆ ಕಾನೂನಿನ ಉಲ್ಲಂಘನೆ: ವಿದೇಶೀಯರಾದ ವಿಕಿಯವರ ವಾಸದ ವಿಳಾಸ ಬದಲಾದದ್ದನ್ನು ತಿಳಿಸಿರಲಿಲ್ಲವಂತೆ. ಶಿಕ್ಷೆ ಒಂದು ವರ್ಷ. ನವೆಂಬರ್‌ನ ಸಾಮೂಹಿಕ ಕ್ಷಮಾದಾನದಲ್ಲಿ ಇಬ್ಬರೂ ಹೊರಬಂದರು.

ಇನ್ನು ದೀಪ ಆರಿಸೋಣ. ಪರದೆಯ ಮೇಲೆ ಮೊದಲು ಬರುವುದು ಜೈಲಿನ ಬಟ್ಟೆ. ಹತ್ತಿರದಿಂದ ನೋಡಿದರೆ ಬಣ್ಣದ ಅಡಿಯಲ್ಲಿ ಹೊಲಿಗೆಯ ಗೆರೆ ಕಾಣುತ್ತದೆ.