ಗೆರೆ ದಾಟಲಿ ಬಿಡಿ: ಮಕ್ಕಳ ಜೊತೆ ಇಂಪ್ರೆಷನಿಸ್ಟ್ ಚಿತ್ರಗಳು

[ತೆರೆಯ ಮೇಲೆ: ಬಣ್ಣ ತುಂಬುವ ಪುಸ್ತಕದ ಒಂದು ಪುಟ, ದಪ್ಪ ಕಪ್ಪು ಗೆರೆಗಳು]

ನಮಸ್ಕಾರ. ಮಗುವಿನ ಕೈಗೆ ಕ್ರೇಯಾನ್ ಕೊಟ್ಟ ಕೂಡಲೇ ನಾವೆಲ್ಲ ಹೇಳುವ ಮಾತು ಒಂದೇ, "ಗೆರೆ ದಾಟಬೇಡ." ಇಂಪ್ರೆಷನಿಸ್ಟ್ ಚಿತ್ರಗಳನ್ನು, ಅಂದರೆ ಸುಮಾರು 150 ವರ್ಷದ ಹಿಂದೆ ಫ್ರಾನ್ಸ್‌ನಲ್ಲಿ ಬದಲಾಗುವ ಬೆಳಕನ್ನೇ ಬಿಡಿಸಲು ಹೊರಟ ಕಲಾವಿದರ ಚಿತ್ರಗಳನ್ನು, ಪರಿಚಯ ಮಾಡಿಸುವಾಗ ಮಾತ್ರ ಈ ಮಾತನ್ನು ಪಕ್ಕಕ್ಕಿಡಿ. ಆ ಚಿತ್ರಗಳಲ್ಲಿ ಎಲ್ಲಕ್ಕೂ ಅಂಚು ಕಟ್ಟುವ ಗೆರೆ ಇರುವುದಿಲ್ಲ. ಬಣ್ಣದ ಪಕ್ಕ ಬಣ್ಣ, ಅಷ್ಟೇ. ಆ ಕಲಾವಿದರಲ್ಲೊಬ್ಬನಾದ ಕ್ಲೋಡ್ ಮೋನೆಯ ಕೊಳದಲ್ಲಿರುವ ಒಂದೊಂದು ನೈದಿಲೆ ಎಲೆಗೂ ಕಪ್ಪು ಗೆರೆ ಎಳೆದು ಮಕ್ಕಳಿಗೆ ಕೊಟ್ಟರೆ, ಹೂವು ಉಳಿಯುತ್ತದೆ, ಮೋನೆ ಉಳಿಯುವುದಿಲ್ಲ.

ಬಣ್ಣ ಆಮೇಲೆ. ಮೊದಲು ಕಥೆ ಓದಿ ಹೇಳಿ.

[ತೆರೆಯ ಮೇಲೆ: ಮೋನೆಯ 'ಇಂಪ್ರೆಷನ್, ಸನ್‌ರೈಸ್']

1874ರ ಏಪ್ರಿಲ್. ಪ್ಯಾರಿಸ್‌ನಲ್ಲಿ ನಾದಾರ್ ಎಂಬ ಫೋಟೋಗ್ರಾಫರ್ ಮೊದಲು ಇಟ್ಟುಕೊಂಡಿದ್ದ ಸ್ಟುಡಿಯೋದಲ್ಲಿ ಮೋನೆ, ರೆನ್ವಾ, ದೆಗಾ, ಬೆರ್ತ್ ಮೊರಿಸೊ ಮತ್ತು ಗೆಳೆಯರು ತಮ್ಮದೇ ಪ್ರದರ್ಶನ ಇಟ್ಟರು. ಸರ್ಕಾರಿ ಪ್ರದರ್ಶನದವರ ಒಪ್ಪಿಗೆಗೆ ಕಾದು ಕಾದು ಅವರಿಗೆ ಸಾಕಾಗಿತ್ತು. ಲೂಯಿ ಲೆರ್ವಾ ಎಂಬ ಪತ್ರಕರ್ತ ಬಂದು ನೋಡಿದ. ಮೋನೆಯ ಈ ಚಿತ್ರ, 'ಇಂಪ್ರೆಷನ್, ಸನ್‌ರೈಸ್': ಮಂಜು ಮುಸುಕಿದ ಬಂದರು, ಕಿತ್ತಳೆ ಬಣ್ಣದ ಸೂರ್ಯ. ಇದಕ್ಕಿಂತ ಅರೆಬರೆ ವಾಲ್‌ಪೇಪರ್ರೇ ವಾಸಿ ಎಂದು ಗೇಲಿ ಮಾಡಿ ಬರೆದ. ಆ ಚಿತ್ರದ ಹೆಸರನ್ನೇ ಹಿಡಿದು ಎಲ್ಲರನ್ನೂ 'ಇಂಪ್ರೆಷನಿಸ್ಟ್' ಎಂದು ಕರೆದ. ಅಡ್ಡಹೆಸರೇ ಕೊನೆಗೆ ನಿಂತುಬಿಟ್ಟಿತು. ಶಾಲೆಯಲ್ಲಿ ಅಡ್ಡಹೆಸರು ಬಿದ್ದಿರುವ ಮಕ್ಕಳಿಗೆ ಈ ಕಥೆ ಬೇಗ ಹಿಡಿಸುತ್ತದೆ.

ತೀರಾ ಚಿಕ್ಕ ಮಕ್ಕಳಾದರೆ ಟ್ಯೂಬಿನ ಕಥೆ ಹೇಳಿ. ಮುಂಚೆ ಎಣ್ಣೆಬಣ್ಣವನ್ನು ಹಂದಿಯ ಮೂತ್ರಚೀಲದಲ್ಲಿ ತುಂಬಿ ಕಟ್ಟಿಡುತ್ತಿದ್ದರು. ಹೂಂ, ನಿಜವಾಗಿಯೂ! 1841ರಲ್ಲಿ ಜಾನ್ ರ್‍ಯಾಂಡ್ ಎಂಬ ಅಮೆರಿಕದ ಕಲಾವಿದ ತವರದ ಟ್ಯೂಬ್ ಮಾಡಿದ. ಬಣ್ಣವನ್ನು ಚೀಲಕ್ಕೆ ಹಾಕಿಕೊಂಡು ಹೊಲಕ್ಕೆ, ಹೊಳೆದಡಕ್ಕೆ ಹೋಗುವುದು ಸಲೀಸಾಯಿತು.

[ತೆರೆಯ ಮೇಲೆ: ಮೇರಿ ಕ್ಯಾಸಟ್, 'ನೀಲಿ ಕುರ್ಚಿಯಲ್ಲಿ ಪುಟ್ಟ ಹುಡುಗಿ', 1878. ನಿಧಾನವಾಗಿ ಹತ್ತಿರಕ್ಕೆ]

ಮೊದಲ ಚಿತ್ರ ಯಾವುದು? ನನ್ನ ಆಯ್ಕೆ ಇದು, ಇಂಪ್ರೆಷನಿಸ್ಟರ ಜೊತೆಗಿದ್ದ ಅಮೆರಿಕದ ಚಿತ್ರಗಾರ್ತಿ ಮೇರಿ ಕ್ಯಾಸಟ್ ಬಿಡಿಸಿದ್ದು. ಸುಮ್ನೆ ತೋರಿಸಿ, ಏನೂ ವಿವರಿಸಬೇಡಿ. ಹುಡುಗಿ ಹೇಗೆ ಕೂತಿದ್ದಾಳೆ ನೋಡಿ. ಕೂತಿದ್ದಾಳೆ ಅನ್ನುವುದಕ್ಕಿಂತ ಬಿದ್ದುಕೊಂಡಿದ್ದಾಳೆ. ಕಾಲು ಅಗಲ, ಒಂದು ಕೈ ತಲೆಯ ಹಿಂದೆ, ಮುಖದಲ್ಲಿ ಬೇಜಾರು. ಪಕ್ಕದ ಕುರ್ಚಿಯಲ್ಲಿ ನಾಯಿಮರಿಗೆ ನಿದ್ದೆ. "ನೆಟ್ಟಗೆ ಕೂತ್ಕೋ ಪುಟ್ಟಿ" ಅಂತ ನಮ್ಮ ಬಾಯಿಗೇ ಬರುತ್ತದೆ, ಅಲ್ವಾ? ಅಂದಿನ ಚಿತ್ರಗಳಲ್ಲಿ ಮಕ್ಕಳು ಅಚ್ಚುಕಟ್ಟಾಗಿ ಕೂರಬೇಕಿತ್ತು. ಪ್ಯಾರಿಸ್‌ನ ವಿಶ್ವ ಪ್ರದರ್ಶನಕ್ಕೆ ಕಳಿಸಿದಾಗ ಈ ಚಿತ್ರವನ್ನು ಬೇಡ ಅಂದರು. ಈಗ ಇದು ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇವಳಿಗೆ ಯಾಕೆ ಬೇಜಾರು ಅಂತ ಮಗುವನ್ನೇ ಕೇಳಿ. ಉತ್ತರವನ್ನು ಅದರ ಮಾತಿನಲ್ಲೇ ಚೀಟಿಯಲ್ಲಿ ಬರೆಸಿ. ಓದುವ ಪಾಠ ಅಲ್ಲಿಗೆ ಆಯಿತು.

ಈಗ ಬಣ್ಣ.

[ತೆರೆಯ ಮೇಲೆ: ಮೋನೆಯ ಬಣವೆಗಳು, ಒಂದರ ಪಕ್ಕ ಒಂದು]

1890–91ರಲ್ಲಿ ಮೋನೆ ಫ್ರಾನ್ಸ್‌ನ ಜಿವೆರ್ನಿ ಹಳ್ಳಿಯ ತನ್ನ ಮನೆ ಹತ್ತಿರದ ಬಣವೆಗಳನ್ನು ಮತ್ತೆ ಮತ್ತೆ ಬಿಡಿಸಿದ. ಸುಮಾರು 25 ಚಿತ್ರ. ಬಿಸಿಲು ಬದಲಾದ ಹಾಗೆ ಒಂದು ಕ್ಯಾನ್ವಾಸ್ ಬಿಟ್ಟು ಇನ್ನೊಂದು ಹಿಡಿಯುತ್ತಿದ್ದ. ಮನೆಯಿಂದ ಕ್ಯಾನ್ವಾಸ್ ತಂದುಕೊಡುತ್ತಿದ್ದದ್ದು ಮಲಮಗಳು ಬ್ಲಾನ್ಷ್. ಅವಳೂ ಚಿತ್ರಗಾರ್ತಿಯೇ.

ಬಣವೆಯ ಆಕಾರ ಎಷ್ಟು ಸುಲಭ ನೋಡಿ! ಕೆಳಗೆ ದುಂಡು, ಮೇಲೆ ಚೂಪು. ನೀವೇ ಪೆನ್ಸಿಲ್‌ನಲ್ಲಿ ತೆಳುವಾಗಿ, ಕಂಡೂ ಕಾಣದ ಹಾಗೆ ಬಿಡಿಸಿ. ಒಂದೇ ಚಿತ್ರದ ಮೂರು ಹಾಳೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಹಳ್ಳಿಯಲ್ಲಿದ್ದರೆ ನಿಜವಾದ ಬಣವೆ ಮುಂದೆಯೇ ಕೂರಿಸಿ. ಪೇಟೆಯಲ್ಲಾದರೆ ಎದುರಿನ ನೀರಿನ ಟ್ಯಾಂಕೂ ಆದೀತು. ಹಾಳೆಯ ಮೂಲೆಯಲ್ಲಿ ತಾರೀಕಿನ ಜೊತೆ ಗಂಟೆಯನ್ನೂ ಬರೆಸಿ.

ಬಣ್ಣ ಉಜ್ಜಿ ತುಂಬುವುದು ಬೇಡ. ಚಿಕ್ಕ ಚಿಕ್ಕ ಗೀಟು ಹಾಕಿಸಿ. ಕೆಂಪು ಗೀಟು, ಪಕ್ಕಕ್ಕೆ ಹಳದಿ, ಮತ್ತೆ ಕೆಂಪು. ಹಾಳೆಯನ್ನು ಗೋಡೆಗೆ ಅಂಟಿಸಿ ಕೋಣೆಯ ಇನ್ನೊಂದು ತುದಿಯಿಂದ ನೋಡಿದರೆ ಕಿತ್ತಳೆ ಕಾಣುತ್ತದೆ. ಗೀಟು ಒತ್ತೊತ್ತಾಗಿ, ಸಣ್ಣದಾಗಿ ಇರಬೇಕು, ಇಲ್ಲದಿದ್ದರೆ ಬರೀ ಪಟ್ಟೆ ಪಟ್ಟೆ ಕಾಣುತ್ತದೆ.

[ತೆರೆಯ ಮೇಲೆ: ಮೋನೆ, 'ಮ್ಯಾಗ್‌ಪೈ', 1868–69. ಬೇಲಿಯ ನೆರಳು ದೊಡ್ಡದಾಗಿ]

ಇನ್ನು ಕಪ್ಪು ಕ್ರೇಯಾನ್. ಡಬ್ಬಿಯಿಂದ ಅದನ್ನೊಂದು ತೆಗೆದಿಡಿ. "ಹಾಗಾದ್ರೆ ನೆರಳಿಗೆ?" ಅಂತ ಮಗು ಕೇಳೇ ಕೇಳುತ್ತದೆ. ಆಗ ಈ ಚಿತ್ರ ತೋರಿಸಿ. ಹಿಮ ಬಿದ್ದ ಅಂಗಳ, ಗೇಟಿನ ಮೇಲೆ ಒಂಟಿ ಹಕ್ಕಿ. ಬೇಲಿಯ ನೆರಳು ಯಾವ ಬಣ್ಣ? ನೀಲಿ. ಬಿಸಿಲು ಬೀಳದ ಜಾಗಕ್ಕೂ ಆಕಾಶದ ಬೆಳಕು ಬೀಳುತ್ತದಲ್ಲ, ಆ ನೀಲಿ ಹಿಮದ ಮೇಲೆ ಕಾಣುತ್ತದೆ. ನೋಡಬೇಕು ಅಂದ್ರೆ ಬಿಸಿಲಿಗೆ ಒಂದು ಬಿಳಿ ಪಂಚೆ ಹರಡಿ, ಅದರ ಮೇಲೆ ಕೈ ಅಡ್ಡ ಹಿಡಿಯಿರಿ. ಹಾಗಂತ ಕಪ್ಪು ಪಾಪ ಅಂತಲ್ಲ, ರೆನ್ವಾ ಧಾರಾಳವಾಗಿಯೇ ಬಳಸಿದ್ದಾನೆ. ಒಂದು ವಾರದ ಮಟ್ಟಿಗೆ ಅಷ್ಟೇ.

ಚಿತ್ರಗಳಿಗೆ ದುಡ್ಡು ಕೊಡಬೇಕಿಲ್ಲ. ಚಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್, ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂ, ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ, ಮೂರೂ ತಮ್ಮ ವೆಬ್‌ಸೈಟಿನಲ್ಲಿ ಹಳೆಯ ಚಿತ್ರಗಳನ್ನು ದೊಡ್ಡ ಸೈಜಿನಲ್ಲಿ ಉಚಿತವಾಗಿ ಕೊಡುತ್ತವೆ. ಬಣವೆ ಬೇಕಾದರೆ ಚಿಕಾಗೋದವರ ವೆಬ್‌ಸೈಟಿಗೆ ಹೋಗಿ, ಅವರ ಹತ್ತಿರ ಆರು ಇವೆ. ಪ್ರಿಂಟ್ ಹಾಕಿಸುವಾಗ ಕಲರ್‌ನಲ್ಲೇ ಹಾಕಿಸಿ. ಮಗು ಬಣ್ಣ ಹಚ್ಚಲು ಕೂತಾಗ ಮಾತ್ರ ಆ ಪ್ರಿಂಟನ್ನು ಎತ್ತಿಡಿ. ಎದುರಿಗಿದ್ದರೆ ಅದನ್ನೇ ನೋಡಿ ಬರೆಯುತ್ತಾರೆ, ಕಿಟಕಿಯ ಕಡೆ ತಲೆ ಎತ್ತುವುದೇ ಇಲ್ಲ.